ಗುಡ್ಡದ ಬುಡ ಕಾಣುತ್ತಿದೆಯಾ?

ನವೆಂಬರ್ ೬

ಅಪ್ಪಾ,

ಇವತ್ತು ಬೆಳಿಗ್ಗೆ ನೀನು ರೇಡಿಯೋದಲ್ಲಿ ಗಂಭೀರವಾಗಿ "ಎರಡನೇ ನಿಲ್ದಾಣ ಮಾತಾಡುತ್ತಿದೆ, ಒಂದನೇ ನಿಲ್ದಾಣ ದಯವಿಟ್ಟು ಉತ್ತರಿಸಿ" ಅಂದಾಗ ನನಗೆ ನಗು ತಡೆಯಲು ಆಗಲಿಲ್ಲ. ನಾನು ಕೆಮ್ಮಿದ್ದು ಅದಕ್ಕೇ. ಹುಟ್ಟಿದಾಗಿನಿಂದ ನೀನು ನನಗೆ ದಯವಿಟ್ಟು ಅಂದಿದ್ದು ಇದೇ ಮೊದಲು.

ಕೆಲಸಕ್ಕೆ ಸೇರಿ ಮೂರು ವಾರವಾಯಿತು. ಬೇಕರಿಯಲ್ಲಿ ನಿಂತದ್ದಕ್ಕಿಂತ ಹೆಚ್ಚು, ಗ್ಯಾರೇಜಿನಲ್ಲಿ ನಿಂತದ್ದಕ್ಕಿಂತ ಕಡಿಮೆ. ಸ್ಕೂಲು ಬಿಟ್ಟವಳು ಇದನ್ನೂ ಬಿಡುತ್ತಾಳೆ ಅಂತ ಅಮ್ಮ ಇನ್ನೂ ಯಾರಿಗೂ ಸುದ್ದಿ ಹೇಳಿಲ್ಲ. ಆದರೆ ಇದು ನನಗೆ ಹಿಡಿಸಿದೆ. ನಿನ್ನ ನಿಲ್ದಾಣದ ಹವಾಮಾನ ಕೇಳಬೇಕು, ಬರೆದುಕೊಳ್ಳಬೇಕು, ಅದನ್ನೇ ಪೈಲಟ್‌ಗೆ ಓದಿ ಹೇಳಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಂಬಳ ಕೊಡುತ್ತಾರೆ ಅಂತ ಗೊತ್ತಿದ್ದರೆ ಮೊದಲೇ ಬರುತ್ತಿದ್ದೆ. ಇಲ್ಲಿಯವರೆಗೆ ಅದಕ್ಕೆ ನನಗೆ ಸಿಕ್ಕಿದ್ದು ಬರೀ ಬೈಗುಳ.

ಮೇಜಿನ ಎದುರು ಗೋಡೆಯ ಮೇಲೆ ನಕ್ಷೆ ಇದೆ. ನಮ್ಮೂರಿನಿಂದ ನಿನ್ನೂರಿಗೆ ಕೆಂಪು ಗೆರೆ ಎಳೆದು ೧೫೮ ಕಿಲೋಮೀಟರ್ ಅಂತ ಬರೆದಿದ್ದಾರೆ. ನನ್ನ ಗೇಣಿಗಿಂತ ಸ್ವಲ್ಪ ಕಡಿಮೆ. ವಿಮಾನಕ್ಕೆ ಮುಕ್ಕಾಲು ಗಂಟೆ. ನಡುವೆ ರಸ್ತೆ ಇಲ್ಲ, ಊರಿಲ್ಲ, ಹಿಮ ಮುಚ್ಚಿದ ಜೌಗು ಬಿಟ್ಟರೆ ಏನೂ ಇಲ್ಲ. ನಿನ್ನೂರಿನ ಫೋನ್ ಟವರ್ ಬಿದ್ದಾಗಿನಿಂದ ಈ ಗೆರೆಯೇ ಗತಿ. ದಿನಾ ನಿನ್ನ ದನಿ ಕೇಳುತ್ತೇನೆ, ಆದರೆ ಮಂಡಿ ನೋವು ಹೇಗಿದೆ ಅಂತ ಕೇಳಿದರೆ ನಾಲ್ಕು ನಿಲ್ದಾಣದವರು ಕಿವಿ ನಿಮಿರಿಸಿ ಕೂತಿರುತ್ತಾರೆ. ಅದಕ್ಕೇ ಕಾಗದ. ವಿಮಾನ ಓಡಿಸುವ ಮೀಸೆ ಕ್ಯಾಪ್ಟನ್ ಜೇಬಿನಲ್ಲಿಟ್ಟು ತರುತ್ತಾರೆ.

ಅವರು ಒಂದು ಮಾತು ಹೇಳಿದರು. "ನಿಮ್ಮಪ್ಪನ ಊರಲ್ಲಿ ಟ್ಯಾಂಕಿಗೆ ನೀರು ಸೇರಿ ಪೆಟ್ರೋಲ್ ಕೆಟ್ಟೋಗಿದೆ ಕಣಮ್ಮ. ಚಳಿಗಾಲ ಮುಗಿಯೋ ತನಕ ಹೋಗೋದಕ್ಕೂ ಬರೋದಕ್ಕೂ ಇಲ್ಲಿಂದಲೇ ತುಂಬಿಸ್ಕೋಬೇಕು. ಅಲ್ಲಿ ಮೇಲೆ ಸುತ್ತು ಹೊಡೀತಾ ಯೋಚನೆ ಮಾಡ್ತಾ ಕೂರೋಕೆ ಪುರಸೊತ್ತಿಲ್ಲ. ನಿಮ್ಮಪ್ಪ ಕಾಣತ್ತೆ ಅಂದ್ರೆ ಕಾಣತ್ತೆ, ಇಲ್ಲ ಅಂದ್ರೆ ಇಲ್ಲ."

ಎಷ್ಟು ದೂರ ಕಾಣುತ್ತದೆ ಅಂತ ನೀನು ಹೇಗೆ ಅಳೆಯುತ್ತೀಯ? ಯಂತ್ರ ಇದೆಯಾ?

ನಿನ್ನ ಗುಡುಗಮ್ಮ

•

ನವೆಂಬರ್ ೧೭

ಗುಡುಗಮ್ಮನಿಗೆ,

ಯಂತ್ರ ದೊಡ್ಡ ಊರುಗಳಿಗೆ. ಇಲ್ಲಿ ಇರುವುದು ನಾನು ಮತ್ತು ಒಂದು ಕಿಟಕಿ. ಕಿಟಕಿಯಿಂದ ಮೊದಲು ಇಂಧನದ ಶೆಡ್ಡು, ಅದರಾಚೆ ನೀರಿನ ಟ್ಯಾಂಕು, ಎಲ್ಲಕ್ಕಿಂತ ದೂರದಲ್ಲಿ ಬೋಳು ಗುಡ್ಡ. ಪ್ರತಿಯೊಂದೂ ಎಷ್ಟು ದೂರ ಅಂತ ಅಳೆದು ಇಟ್ಟಿದೆ. ಶೆಡ್ಡೂ ಕಾಣದಿದ್ದರೆ ವಿಮಾನ ಹೊರಡುವ ಮಾತೇ ಇಲ್ಲ. ಗುಡ್ಡ ಕಂಡರೆ ಎಂಟು ಕಿಲೋಮೀಟರ್, ಕಣ್ಣು ಮುಚ್ಚಿಕೊಂಡು ಇಳಿಯಬಹುದು. ಇಷ್ಟೇ ವಿದ್ಯೆ. ಇದಕ್ಕೇ ನನ್ನ ತಲೆ ಬೆಳ್ಳಗಾಗಿದ್ದು.

ನೀನು ವರದಿ ಓದುವ ರೀತಿ ಚೆನ್ನಾಗಿದೆ. ಅವಸರ ಮಾತ್ರ ಬೇಡ. ಅಂಕಿಯನ್ನು ನುಂಗಬೇಡ. ಮುಂದಿನ ಸಲ ಬರೆಯುವಾಗ ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ಬರೆ. ಇಲ್ಲಿ ಮಧ್ಯಾಹ್ನಕ್ಕೇ ಕತ್ತಲಾಗುತ್ತದೆ, ಬಲ್ಬು ಮಂಕು. ನಿನ್ನದು ಮೊದಲೇ ಇರುವೆ ಹರಿದಂಥ ಅಕ್ಷರ.

ಮಂಡಿ ಪರವಾಗಿಲ್ಲ. ಕ್ಯಾಂಟೀನ್ ನಡೆಸುವ ಅಕ್ಕ ಈಗ ಗಂಟೆಗೊಮ್ಮೆ ನನ್ನ ಕೋಣೆಗೇ ಟೀ ತಂದುಕೊಡುತ್ತಾರೆ, ಮೆಟ್ಟಿಲು ಇಳಿಯುವುದು ತಪ್ಪಿದೆ. ಜೂನ್‌ವರೆಗೆ ಹೀಗೇ ತಳ್ಳಿದರೆ ಸರ್ವಿಸ್ ಮುಗಿಯುತ್ತದೆ, ಪೂರ್ತಿ ಪಿಂಚಣಿ ಸಿಗುತ್ತದೆ. ನಿಮ್ಮಮ್ಮನಿಗೆ ಬೀದಿ ಕಡೆ ಬಾಗಿಲಿರುವ ಮನೆ ಬೇಕಂತೆ, ಹೊಲಿಗೆ ಅಂಗಡಿಗೆ. ನೋಡೋಣ.

ಪರೀಕ್ಷೆ ಕಟ್ಟುವ ವಿಚಾರ ಏನಾಯಿತು?

ಅಪ್ಪ

•

ನವೆಂಬರ್ ೨೯

ಅಪ್ಪಾ,

ಪರೀಕ್ಷೆ ವಿಚಾರ ಏನೂ ಆಗಿಲ್ಲ. ಸುಳ್ಳು ಹೇಳಿ ನಿನ್ನ ಮನಸ್ಸು ತಣ್ಣಗೆ ಮಾಡಲಾರೆ.

ಇವತ್ತು ನಾನು ಮೀಸೆ ಕ್ಯಾಪ್ಟನ್ ಜೊತೆ ಜಗಳವಾಡಿದೆ. ನೀನು ಬೆಳಿಗ್ಗೆ ಎಂಟು ಕಿಲೋಮೀಟರ್ ಅಂದೆಯಲ್ಲ, ಅವರು ವಾಪಸ್ ಬಂದು ಕೈಗವಸು ಬಿಚ್ಚುತ್ತಾ, "ನಿಮ್ಮಪ್ಪ ದುರ್ಬೀನು ಕೊಂಡ್ಕೊಂಡ್ರಾ? ನನಗೆ ನೀರಿನ ಟ್ಯಾಂಕೇ ಕಷ್ಟಪಟ್ಟು ಕಂಡಿದ್ದು" ಅಂದರು. "ನೀವು ಕನ್ನಡಕ ಒರೆಸ್ಕೊಳ್ಳಿ" ಅಂದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಮ್ಮ ಹೆಡ್ ಸಾಹೇಬರು ಮಾತ್ರ ನಗಲಿಲ್ಲ. "ಅವರು ನನ್ನ ಗುರುಗಳು. ಅವರ ಎಂಟು ಅಂದ್ರೆ ಎಂಟೇ" ಅಂದರು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ಊಟದ ಡಬ್ಬಿ ಅಲ್ಲೇ ಮರೆತು ಬಂದೆ.

ಅಮ್ಮ ನಿನ್ನ ಹತ್ತಿರ ಬರುತ್ತಾಳಂತೆ. ಯಾಕೆ ಅಂತ ಕೇಳಿದರೆ, "ಗಂಡನ ಮನೆಗೆ ಹೋಗೋಕೆ ಕಾರಣ ಬೇಕೇನೇ?" ಅಂತ ನನ್ನನ್ನೇ ಗದರಿದಳು. ನಿನ್ನ ಕಾಗದವನ್ನು ಕಿಟಕಿ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. ಇರುವುದು ಅರ್ಧ ಪುಟ, ಅಷ್ಟು ಹೊತ್ತು ಏನು ಓದುತ್ತಾಳೋ. ಹೊಸ ವರ್ಷದ ಮೊದಲ ವಾರ ಸೀಟು ಹಿಡಿಯುತ್ತೇನೆ.

ದಪ್ಪ ಪೆನ್ನು ಸಾಕಾ? ಇದು ಪಾರ್ಸೆಲ್ ಮೇಲೆ ವಿಳಾಸ ಬರೆಯುವುದು.

ಗುಡುಗಮ್ಮ

•

ಡಿಸೆಂಬರ್ ೮

ಮಗಳಿಗೆ,

ಕೈ ಉಳುಕಿದೆ, ಬೇರೆಯವರಿಂದ ಬರೆಸುತ್ತಿದ್ದೇನೆ. ಗಾಬರಿ ಬೇಡ.

ನಿಮ್ಮಮ್ಮ ಬರುವುದು ಬೇಡ. ಚಳಿ ವಿಪರೀತ. ಕ್ವಾರ್ಟರ್ಸ್‌ನಲ್ಲಿ ಒಂದೇ ಕೋಣೆ. ಜೂನ್‌ನಲ್ಲಿ ನಾನೇ ಬರುತ್ತೇನಲ್ಲ. ಅವಳಿಗೆ ತಿಳಿಸಿ ಹೇಳು. ಸೀಟು ಹಿಡಿದಿದ್ದರೆ ಬಿಟ್ಟುಬಿಡು.

ಕ್ಯಾಪ್ಟನ್ ಜೊತೆ ಜಗಳ ಬೇಡ. ಅವರು ಒಳ್ಳೆಯವರು.

ಅಪ್ಪ

•

ಡಿಸೆಂಬರ್ ೧೫

ಅಪ್ಪಾ,

ನಾನು ಸುತ್ತಿ ಬಳಸಿ ಕೇಳುವವಳಲ್ಲ. ಆ ದುಂಡಗಿನ ಅಕ್ಷರ ಯಾರದ್ದು? ಕ್ಯಾಂಟೀನ್ ಅಕ್ಕನದ್ದಾ?

ರೇಡಿಯೋದಲ್ಲೂ ಕೇಳಿಸಿಕೊಳ್ಳುತ್ತಿದ್ದೇನೆ. ನಾನು ವರದಿ ಕೇಳಿದರೆ ನೀನು ಮೊದಲಿನ ಹಾಗೆ ತಕ್ಷಣ ಹೇಳುವುದಿಲ್ಲ. ಮೈಕಿನ ಗುಂಡಿ ಒತ್ತುತ್ತೀಯ, ಸುಮ್ಮನಿರುತ್ತೀಯ. ಹಿಂದೆ ಒಂದು ಹೆಂಗಸಿನ ದನಿ ಏನೋ ಅನ್ನುತ್ತದೆ. ಆಮೇಲೆ ನೀನು. ಪ್ರತಿ ಸಲವೂ. ಗಂಟೆಗೊಂದು ಟೀ ಅಂತ ನೀನೇ ಬರೆದಿದ್ದೆ. ದಿನಕ್ಕೆ ಹತ್ತು ಲೋಟ ಟೀ ಯಾರು ಕುಡಿಯುತ್ತಾರೆ?

ಅಮ್ಮನಿಗೆ ಕಾಗದ ಕೊಟ್ಟೆ. ಓದಿದಳು. "ಬರಬೇಡ ಅಂದ್ರೆ ಬಂದೇ ಬರ್ತೀನಿ" ಅಂದಳು, ಅಷ್ಟೇ. ಅಳಲಿಲ್ಲ, ಬೈಯಲಿಲ್ಲ. ಮಷೀನ್ ಮುಂದೆ ಕೂತು ಪಕ್ಕದ ಮನೆಯವರ ಪರದೆ ಹೊಲಿಯುತ್ತಾ ಹೋದಳು. ನನಗೆ ಅದೇ ಭಯ. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

ನೀನು ಬೇರೆ ಮನೆ ಮಾಡಿಕೊಂಡಿದ್ದರೆ ನೇರವಾಗಿ ಬರೆ. ನಾನು ತಡೆದುಕೊಳ್ಳುತ್ತೇನೆ. ಸುಳ್ಳು ಮಾತ್ರ ತಡೆದುಕೊಳ್ಳಲಾರೆ.

ಸಹಿ ಹಾಕಲು ಮನಸ್ಸಿಲ್ಲ.

•

ಡಿಸೆಂಬರ್ ೨೨

ಅಪ್ಪಾ,

ನಿನ್ನ ಉತ್ತರ ಬರಲಿಲ್ಲ. ಬರುವ ಮೊದಲೇ ಇದನ್ನು ಬರೆಯಬೇಕಾಗಿದೆ. ಹೋದ ಕಾಗದದಲ್ಲಿ ಕೇಳಿದ್ದನ್ನು ಈಗ ಪಕ್ಕಕ್ಕಿಡು.

ನಿನ್ನೆಯ ವಿಮಾನ. ನೀನು ಎಂಟು ಅಂದೆ. ನಾನು ಎಂಟು ಅಂತ ಓದಿ ಹೇಳಿದೆ. ಆರು ಜನ ಪ್ರಯಾಣಿಕರಿದ್ದರು, ಅದರಲ್ಲೊಂದು ಕೈಗೂಸು. ಸಂಜೆ ವಿಮಾನ ಅದೇ ಆರು ಜನರನ್ನು ಹೊತ್ತುಕೊಂಡು ವಾಪಸ್ ಬಂತು. ಕ್ಯಾಪ್ಟನ್ ರೇಡಿಯೋ ಕೋಣೆಗೆ ಬಂದು ಎರಡೂ ಕೈ ಮೇಜಿನ ಮೇಲೆ ಊರಿ ನಿಂತರು. ತಮಾಷೆ ಮಾಡಲಿಲ್ಲ. ಅದೇ ಮೊದಲ ಸಲ ಅವರು ತಮಾಷೆ ಮಾಡದೆ ನನ್ನ ಜೊತೆ ಮಾತಾಡಿದ್ದು.

"ಗುಡ್ಡದ ತಲೆ ಚೆನ್ನಾಗೇ ಕಾಣ್ತಿತ್ತಮ್ಮ, ಬಿಸಿಲು ಕೂಡ ಬಿದ್ದಿತ್ತು. ಕೆಳಗೆ ನೋಡಿದ್ರೆ ಹಾಲು. ರನ್‌ವೇ ಇಲ್ಲ, ಶೆಡ್ಡಿಲ್ಲ, ಏನಿಲ್ಲ. ಮೂರು ಸಲ ಇಳಿಸೋಕೆ ನೋಡ್ದೆ. ಮೂರನೇ ಸಲ ನೀರಿನ ಟ್ಯಾಂಕು ರೆಕ್ಕೆ ಪಕ್ಕದಲ್ಲೇ ಹಾದುಹೋಯ್ತು. ವಾಪಸ್ ಬರೋವಾಗ ಪೆಟ್ರೋಲ್ ಮುಳ್ಳು ನೋಡೋಕೆ ಧೈರ್ಯ ಇರ್ಲಿಲ್ಲ."

ಹೆಡ್ ಸಾಹೇಬರು "ಮಂಜು ದಿಢೀರ್ ಅಂತ ಕವಿದಿರತ್ತೆ, ಅವರಾದ್ರೂ ಏನು ಮಾಡ್ತಾರೆ" ಅಂದರು.

ಆದರೆ ಆ ಅಂಕಿ ಹೋಗಿದ್ದು ನನ್ನ ಬಾಯಿಂದ. ಅದಕ್ಕೇ ಕೇಳುತ್ತಿದ್ದೇನೆ. ನೀನು ಹೇಳಿದ್ದು ಗೊತ್ತು. ನೀನು ನೋಡಿದ್ದು ಏನು?

ಗುಡುಗಮ್ಮ

•

ಡಿಸೆಂಬರ್ ೩೦

ಮಗಳೇ,

ಇದು ನನ್ನದೇ ಕೈ. ಸಾಲುಗಳು ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿ ಓದಿಕೋ. ಕೈ ಉಳುಕಿರಲಿಲ್ಲ.

ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣು ಬೇಸಿಗೆಯಲ್ಲೇ ಮಬ್ಬಾಗಿತ್ತು, ಎಡಗಣ್ಣು ನವೆಂಬರ್‌ನಲ್ಲಿ ಕೈಕೊಟ್ಟಿತು. ಕಿಟಕಿ ಎಲ್ಲಿದೆ ಅಂತ ಗೊತ್ತಾಗುತ್ತದೆ. ಕಿಟಕಿಯಾಚೆ ಏನಿದೆ ಅಂತ ಗೊತ್ತಾಗುವುದಿಲ್ಲ. ನಿನ್ನ ದಪ್ಪ ಪೆನ್ನಿನ ಅಕ್ಷರವನ್ನು ಮಾತ್ರ ಮೂಗಿಗೆ ತಾಗಿಸಿ ಹಿಡಿದು ಒಂದೊಂದಾಗಿ ಬಿಡಿಸಿಕೊಳ್ಳುತ್ತೇನೆ.

ಕ್ಯಾಂಟೀನ್ ಅಕ್ಕನ ಮೇಲೆ ನೀನು ಹೊರಿಸಿದ್ದನ್ನು ಅವರಿಗೆ ಹೇಳಲಿಲ್ಲ, ಹೇಳಿದ್ದರೆ ನಕ್ಕು ಸಾಯುತ್ತಿದ್ದರು. ದುಂಡಗಿನ ಅಕ್ಷರ ಅವರದ್ದೇ, ಆದರೆ ಅವರಿಗೆ ಮೊಮ್ಮಕ್ಕಳಿದ್ದಾರೆ. ನನ್ನ ಪಾಡು ನೋಡಿ ಪಾಪ ಅನಿಸಿ ಗಂಟೆಗೊಮ್ಮೆ ಬಂದು ಕಿಟಕಿಯಲ್ಲಿ ನಿಲ್ಲುತ್ತಾರೆ. ಶೆಡ್ಡು ಕಾಣುತ್ತಾ, ಟ್ಯಾಂಕು ಕಾಣುತ್ತಾ, ಗುಡ್ಡ ಕಾಣುತ್ತಾ ಅಂತ ಕೇಳುತ್ತೇನೆ. ಗುಡ್ಡ ಕಾಣುತ್ತೆ ಅಂದರೆ ಉಳಿದದ್ದು ಕೇಳುವ ಅಗತ್ಯವಿಲ್ಲ. ಅವರ ಕಣ್ಣು ಹದ್ದಿನ ಕಣ್ಣು. ಆ ದಿನವೂ ಅವರು ಸರಿಯಾಗೇ ನೋಡಿದ್ದರು. ಮಂಜು ಆಮೇಲೆ ಬಂದಿರಬೇಕು. ಅದು ಯಾರ ಕೈಯಲ್ಲೂ ಇಲ್ಲ.

ಇದು ಹೊರಗೆ ಬಂದರೆ ಅವತ್ತೇ ನನ್ನನ್ನು ಕೆಲಸದಿಂದ ಇಳಿಸುತ್ತಾರೆ. ವಿಚಾರಣೆ ಅಂತ ಕೂರಿಸಿದರೆ ಪಿಂಚಣಿಗೂ ಕುತ್ತು. ನಿಮ್ಮಮ್ಮನ ಬೀದಿ ಬಾಗಿಲಿನ ಮನೆ ಹೋಗುತ್ತದೆ. ಜೂನ್‌ವರೆಗೆ ಬಾಯಿ ಬಿಡಬೇಡ. ನಿನ್ನ ಹತ್ತಿರ ಇಷ್ಟು ದಿನ ಏನನ್ನೂ ಬೇಡಿಲ್ಲ. ಇದನ್ನು ಬೇಡುತ್ತಿದ್ದೇನೆ.

ಅವಳನ್ನು ಮಾತ್ರ ಕಳಿಸಬೇಡ. ಕಣ್ಣು ನೋಡಿದ ತಕ್ಷಣ ಅವಳಿಗೆ ಗೊತ್ತಾಗುತ್ತದೆ.

ಅಪ್ಪ

•

ಜನವರಿ ೫

ಅಪ್ಪಾ,

ನಿನ್ನ ಕಾಗದ ಕೈಗೆ ಬಂದು ಮೂರು ದಿನವಾಯಿತು. ಯಾರಿಗೂ ಹೇಳಿಲ್ಲ. ಹೆಡ್ ಸಾಹೇಬರು "ಯಾಕಮ್ಮ ಮುಖ ಹೀಗಿದೆ" ಅಂದರೆ "ಹಲ್ಲು ನೋವು" ಅಂದೆ. ಜ್ಞಾನ ಬಂದ ಮೇಲೆ ನಾನು ಯೋಚಿಸಿ ಹೇಳಿದ ಮೊದಲ ಸುಳ್ಳು ಇದೇ ಇರಬೇಕು. ಸ್ಕೂಲು ಬಿಟ್ಟಾಗ ಕೂಡ ಹೆಡ್‌ಮಾಸ್ಟರ ಎದುರು ನಿಂತು "ತಲೆಗೆ ಹತ್ತಲ್ಲ ಸರ್" ಅಂದವಳು. ನಿನ್ನ ಮೇಲೆ ಏನೇನೋ ಅನುಮಾನ ಪಟ್ಟೆನಲ್ಲ, ಅದೇ ನಿಜವಾಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿದೆ. ಅದರಿಂದ ಯಾರೂ ಆಕಾಶದಿಂದ ಬೀಳುತ್ತಿರಲಿಲ್ಲ.

ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. ಗುಡ್ಡದ ತಲೆ ಕಾಣುತ್ತಿತ್ತು, ಕೆಳಗೆ ಹಾಲು ಅಂತ ಕ್ಯಾಪ್ಟನ್ ಹೇಳಿದ್ದರಲ್ಲ. ಅಕ್ಕ ನೋಡುವುದು ಏನನ್ನು? ತಲೆ ಕಂಡರೆ ಗುಡ್ಡ ಕಂಡಿತು ಅನ್ನುತ್ತಾರಾ? ಮಂಜು ನೆಲಕ್ಕೆ ಅಂಟಿಕೊಂಡು ಕೂತಿದ್ದರೆ ಗುಡ್ಡದ ತಲೆ ಯಾವಾಗಲೂ ಕಾಣುತ್ತದೆ ಅಲ್ಲವಾ? ಮುಂದಿನ ವರದಿಗೆ ಮೊದಲು ಅವರನ್ನು ಕೇಳು. ದಯವಿಟ್ಟು.

ಅಮ್ಮ ನಾಳೆಯ ವಿಮಾನಕ್ಕೆ ಬರುತ್ತಿದ್ದಾಳೆ. ಬೇಡ ಅಂತ ಕಾಲಿಗೆ ಬೀಳುವುದೊಂದು ಬಾಕಿ. "ನಿಮ್ಮಪ್ಪನ ಸಾಲುಗಳು ಗೋಡೆ ಹತ್ತೋಕೆ ಶುರುಮಾಡಿ ಎಷ್ಟು ದಿನ ಆಯ್ತು ಗೊತ್ತಾ? ಸೂಜಿಗೆ ದಾರ ಪೋಣಿಸೋಳು ನಾನು. ಕಣ್ಣು ಹೋದೋರ ಕೈ ಹೇಗಿರತ್ತೆ ಅಂತ ನನಗೆ ಹೇಳ್ಕೊಡ್ತೀಯಾ?" ಅಂದಳು. ಅವಳಿಗೆ ಕಣ್ಣಿನ ವಿಷಯ ಗೊತ್ತು. ಅವಳು ಕೂರುವ ವಿಮಾನಕ್ಕೆ ದಾರಿ ಹೇಳುವುದು ಆ ಕಣ್ಣೇ ಅನ್ನುವುದು ಹೊಳೆದಿಲ್ಲ. ನಾನು ಹೇಳಲಿಲ್ಲ. ನೀನು ಬೇಡಿಕೊಂಡ ಮಾತು ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದೆ.

ನಾನೇನೂ ಹೊರಗೆ ಹೇಳುವುದಿಲ್ಲ. ಆದರೆ ನಾನು ನಂಬದ ಅಂಕಿಯನ್ನು ಇನ್ನು ಓದುವುದಿಲ್ಲ. ರೇಡಿಯೋದಲ್ಲಿ ಏನಾದರೂ ಕೇಳಿದರೆ ನಿಜ ಹೇಳು.

ಈ ಕಾಗದ ಅಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ.

ಗುಡುಗಮ್ಮ

•

ಜನವರಿ ೭

ಅಪ್ಪಾ,

ಮೊನ್ನೆ ಬರೆದ ಕಾಗದ ಅಮ್ಮನ ಕೈಚೀಲದಲ್ಲೇ ವಾಪಸ್ ಬಂತು. ಎರಡನ್ನೂ ಒಟ್ಟಿಗೆ ಕಳಿಸುತ್ತಿದ್ದೇನೆ. ನೀನು ಅದನ್ನು ಓದಿರಲಿಲ್ಲ ಅನ್ನುವುದು ನಿನ್ನೆ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

ಮೈಕಿನ ಆ ಕಡೆ ನೀನಿದ್ದೆ. ಈ ಕಡೆ ಏನಾಯಿತು ಅಂತ ಬರೆಯುತ್ತೇನೆ.

ವಿಮಾನ ಹೊರಡುವ ಮೊದಲು ನೀನು ಎಂಟು ಅಂದಾಗ ನಮ್ಮಲ್ಲೂ ಬಿಸಿಲಿತ್ತು. ನಾನು ಓದಿದೆ. ಓದುವುದಿಲ್ಲ ಅಂತ ಬರೆದವಳೇ ಓದಿದೆ. ಹೆಡ್ ಸಾಹೇಬರು ಪಕ್ಕದಲ್ಲೇ ನಿಂತಿದ್ದರು, ಓದುವುದಿಲ್ಲ ಅಂದರೆ ಯಾಕೆ ಅಂತ ಕೇಳುತ್ತಿದ್ದರು. ಗಾಜಿನಾಚೆ ಅಮ್ಮ ವಿಮಾನದ ಮೆಟ್ಟಿಲು ಹತ್ತುವುದನ್ನು ನೋಡುತ್ತಿದ್ದೆ. ಎಲ್ಲರಿಗಿಂತ ಕೊನೆಯಲ್ಲಿ ಹತ್ತಿದಳು, ಚೀಲ ಎದೆಗೆ ಅವಚಿಕೊಂಡು. ಬಾಗಿಲು ಮುಚ್ಚಿತು.

ವಿಮಾನ ಅರ್ಧ ದಾರಿಗೆ ಬಂದಾಗ ನಿನ್ನ ಹವಾಮಾನ ಇನ್ನೊಮ್ಮೆ ಕೇಳಬೇಕಲ್ಲ, ಅದಕ್ಕೆ ಗಂಟೆ ಬಾರಿಸಿತು. ಆಗ ಕೇಳಿದೆ, "ಎರಡನೇ ನಿಲ್ದಾಣ, ಗುಡ್ಡದ ಬುಡ ಕಾಣುತ್ತಿದೆಯಾ?" ಅಂತ. ಹೆಡ್ ಸಾಹೇಬರು "ಇದೇನಮ್ಮ ಹೊಸ ಪ್ರಶ್ನೆ?" ಅಂತ ಹುಬ್ಬು ಗಂಟಿಕ್ಕಿದರು. ನೀನು ಗುಂಡಿ ಒತ್ತಿದ ಸದ್ದು ಬಂತು, ಬಿಟ್ಟ ಸದ್ದು ಬಂತು. ನಾನು ಮತ್ತೆ ಕೇಳಿದೆ.

ನೀನು ಆಮೇಲೆ ಹೇಳಿದ್ದನ್ನು ನಾಲ್ಕೂ ನಿಲ್ದಾಣಗಳು ಕೇಳಿಸಿಕೊಂಡವು. "ನನ್ನ ಕಣ್ಣಿಗೆ ಏನೂ ಕಾಣುತ್ತಿಲ್ಲ. ಎರಡು ತಿಂಗಳಿಂದ ಕಾಣುತ್ತಿಲ್ಲ. ಇಲ್ಲಿಂದ ಬಂದ ಮಾತು ನಂಬಿ ಯಾರೂ ಇಳಿಯಬೇಡಿ. ವಿಮಾನ ತಿರುಗಿಸಿ." ನಾನು ಅದನ್ನು ಕ್ಯಾಪ್ಟನ್‌ಗೆ ಅಕ್ಷರಕ್ಕೆ ಅಕ್ಷರ ಓದಿ ಹೇಳಿದೆ. ಅಂಕಿ ನುಂಗಲಿಲ್ಲ, ಅವಸರ ಮಾಡಲಿಲ್ಲ. ಓದಿ ಮುಗಿಸಿ ವರದಿ ಪುಸ್ತಕದಲ್ಲೂ ಹಾಗೇ ಬರೆದಿಟ್ಟೆ.

ಹೆಡ್ ಸಾಹೇಬರು ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ನಿನಗೆ ಗೊತ್ತಿತ್ತಾ?" ಅಂದರು. "ನಾಲ್ಕು ದಿನದಿಂದ ಗೊತ್ತಿತ್ತು" ಅಂದೆ. ಕೆಲಸ ಇರುತ್ತದೋ ಇಲ್ಲವೋ ತಿಳಿಯದು. ಸದ್ಯಕ್ಕೆ ಬೇರೆ ಯಾರೂ ಇಲ್ಲ ಅಂತ ಮೈಕಿನ ಮುಂದೆ ಕೂರಿಸಿದ್ದಾರೆ.

ಅಮ್ಮ ಇಳಿದು ಬಂದವಳು ನನ್ನ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ಕೇಳಿದಳು, "ಮುಂದಿನ ವಿಮಾನ ಯಾವಾಗ?"

ನಿನ್ನ ಪಿಂಚಣಿ, ಅಮ್ಮನ ಮನೆ ಎಲ್ಲ ನನ್ನಿಂದ ಹೋಯಿತು ಅಂತ ನಿನಗೆ ಅನ್ನಿಸಿದರೆ ಹಾಗೇ ಬರೆ. ಬರೆಯದೆ ಮಾತ್ರ ಇರಬೇಡ.

ಗುಡುಗಮ್ಮ

•

ಜನವರಿ ೧೬

ಅಪ್ಪಾ,

ಮೊನ್ನೆ ಆಕಾಶ ತೊಳೆದಿಟ್ಟ ಹಾಗಿತ್ತು. ಕ್ಯಾಪ್ಟನ್ ತಮ್ಮ ಕಣ್ಣನ್ನೇ ನಂಬಿ ಹೊರಟರು. ನಿನ್ನ ಜಾಗದಲ್ಲಿ ಹವಾಮಾನ ನೋಡುವ ಬದಲಿ ವೀಕ್ಷಕಿಯ ಜೊತೆ ಅಮ್ಮನೂ ಬಂದಳು. ತಲುಪಿದ ಸುದ್ದಿ ರೇಡಿಯೋದಲ್ಲಿ ಬಂತು, ಆದರೆ ಹೊಸ ದನಿಯಲ್ಲಿ. ಈಗ ದಿನಾ ಆ ದನಿಯೇ. ಚುರುಕಾಗಿದ್ದಾಳೆ, ಸ್ಪಷ್ಟವಾಗಿ ಹೇಳುತ್ತಾಳೆ. ನನಗೆ ಸಿಟ್ಟು ಬರುತ್ತದೆ.

ನೀನು ಇನ್ನೂ ಬರೆದಿಲ್ಲ.

•

ಜನವರಿ ೨೩

ಗುಡುಗಮ್ಮನಿಗೆ,

ನಿಮ್ಮಮ್ಮನ ಕೈಯಲ್ಲಿ ಬರೆಸುತ್ತಿದ್ದೇನೆ. (ತಾವು ಹೇಳಿದ್ದನ್ನಷ್ಟೇ ಬರಿ ಅಂತಿದ್ದಾರೆ. ನೋಡೋಣ. – ಅಮ್ಮ)

ನೀನು ನಿನ್ನ ಕಡೆಯದ್ದು ಬರೆದೆ. ಈಗ ನನ್ನದು ಕೇಳು. ಅರ್ಧ ದಾರಿಯ ವರದಿ ಕೇಳಿದಾಗ ಕ್ಯಾಂಟೀನ್ ಅಕ್ಕ ಕಿಟಕಿಯಲ್ಲಿದ್ದರು. "ಗುಡ್ಡ ಕಾಣ್ತಿದೆ ಅಣ್ಣ" ಅಂದರು. ಎಂಟು ಅನ್ನುವುದು ನನ್ನ ಬಾಯಿಗೆ ಬಂದಾಗಿತ್ತು. ಅಷ್ಟರಲ್ಲಿ ನಿನ್ನ ಪ್ರಶ್ನೆ. ಗುಂಡಿ ಬಿಟ್ಟು ಅಕ್ಕನನ್ನು ಕೇಳಿದೆ, ಬುಡ ಕಾಣುತ್ತಾ ಅಂತ. "ಬುಡ ಎಲ್ಲಿ ಕಾಣತ್ತೆ ಅಣ್ಣ, ಹಾಲಲ್ಲಿ ಅದ್ದಿಟ್ಟ ಹಾಗಿದೆ. ತಲೆ ಮಾತ್ರ. ಬುಡಾನೂ ಬೇಕಿತ್ತಾ? ನೀವು ಯಾವತ್ತೂ ಕೇಳೇ ಇಲ್ವಲ್ಲ!" ಅಂದರು.

ನಾನು ಕೇಳಿರಲಿಲ್ಲ. ಗುಡ್ಡ ಅಂದರೆ ಬುಡದಿಂದ ಕಾಣಬೇಕು ಅನ್ನುವುದು ಈ ಕೆಲಸದ ಮೊದಲ ಪಾಠ. ನಿಮ್ಮ ಹೆಡ್ ಸಾಹೇಬರಿಗೆ ಅದನ್ನು ಹೇಳಿಕೊಟ್ಟಿದ್ದು ನಾನೇ. ಅಕ್ಕನಿಗೆ ಹೇಳುವುದು ಹೊಳೆಯಲೇ ಇಲ್ಲ. ಕಣ್ಣು ಹೋಗಿದೆ, ತಲೆ ನೆಟ್ಟಗಿದೆ ಅಂದುಕೊಂಡಿದ್ದೆ.

ಆ ದಿನ ಬರೀ ಮಂಜು ಅಂತ ಹೇಳಿ ಮುಚ್ಚಿಕೊಳ್ಳಬಹುದಿತ್ತು. ವಿಮಾನ ತಿರುಗುತ್ತಿತ್ತು, ಗುಟ್ಟು ಗುಟ್ಟಾಗಿಯೇ ಇರುತ್ತಿತ್ತು. ಹಾಗೇ ಹೇಳಲು ಹೊರಟಿದ್ದೆ ಕೂಡ. ಆದರೆ ನಾಳೆ ಇನ್ನೇನು ಕೇಳಲು ಮರೆತಿರುತ್ತೇನೋ ನನಗೇ ಗೊತ್ತಿರಲಿಲ್ಲ. ಅವಳು ವಿಮಾನದಲ್ಲಿದ್ದಾಳೆ ಅಂತಲೂ ಗೊತ್ತಿರಲಿಲ್ಲ, ಮಗಳೇ. ನೀನು ತಡೆದಿರುತ್ತೀಯ ಅಂತ ನಂಬಿದ್ದೆ. ಸಂಜೆ ರೇಡಿಯೋದಲ್ಲಿ ಪ್ರಯಾಣಿಕರ ಹೆಸರು ಓದಿದಾಗ ತಿಳಿಯಿತು. ಅಲ್ಲಿಂದ ಇಲ್ಲಿಯವರೆಗೆ ಪೆನ್ನು ಹಿಡಿಯಲು ಆಗಲಿಲ್ಲ. ನಿನ್ನ ಮೇಲಿನ ಕೋಪಕ್ಕಲ್ಲ. (ಸುಳ್ಳು. ಕೋಪ ಇದೆ. ಆದರೆ ನಿಮ್ಮ ಹೆಡ್ ಸಾಹೇಬರಿಗೆ, ಹುಡುಗಿಯನ್ನು ಕೆಲಸದಿಂದ ತೆಗೆಯಬೇಡಿ ಅಂತ ಕಾಗದ ಹಾಕಿಸಿದ್ದಾರೆ.)

ವಿಚಾರಣೆಗೆ ಬರೆದುಕೊಟ್ಟಾಯಿತು. ಅಕ್ಕನದ್ದೇನೂ ತಪ್ಪಿಲ್ಲ ಅಂತ ಮೊದಲು ಬರೆಸಿದೆ. ಪಿಂಚಣಿ ಎಷ್ಟು ಕಡಿತವಾಗುತ್ತದೋ ಗೊತ್ತಿಲ್ಲ. (ಬೀದಿ ಬಾಗಿಲು ಇಲ್ಲದಿದ್ದರೆ ಕಿಟಕಿಯಿಂದಲೇ ಬಟ್ಟೆ ತಗೊಳ್ತೀನಿ ಅಂದೆ. ಒಂದು ವಾರದಲ್ಲಿ ಇವತ್ತು ಮೊದಲ ಸಲ ನಕ್ಕರು.)

ಆಕಾಶ ತಿಳಿಯಾಗಿದ್ದರೆ ಬುಧವಾರ ನಾವಿಬ್ಬರೂ ಹೊರಡುತ್ತೇವೆ. ಅಲ್ಲಿಂದ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ನಿನಗೊಂದು ವಿಷಯ ಹೇಳಬೇಕು. ಇಷ್ಟು ವರ್ಷ ಆ ವಿಮಾನವನ್ನು ಇಳಿಸುತ್ತಾ ಬಂದವನಿಗೆ ಅದರಲ್ಲಿ ಕೂರಲು ಈಗ ಕೈಕಾಲು ತಣ್ಣಗಾಗುತ್ತಿದೆ. ಹೊರಗೆ ಏನಿದೆ ಅಂತ ನನಗೆ ಕಾಣುವುದಿಲ್ಲ. ಯಾರೋ ಹೇಳಿದ್ದನ್ನು ನಂಬಿ ಕೂರಬೇಕು. ನನ್ನನ್ನು ನಂಬಿ ಕೂತವರೆಲ್ಲ ಹೀಗೇ ಕೂತಿದ್ದರು ಅನ್ನುವುದು ಇಷ್ಟು ದಿನ ನನ್ನ ತಲೆಗೆ ಬಂದಿರಲಿಲ್ಲ.

ಬುಧವಾರ ಮೈಕಿನ ಮುಂದೆ ನೀನೇ ಇರು. ನಿಮ್ಮೂರಿನ ಹವಾಮಾನ ಬರೆಯುವವರು ಎಷ್ಟೇ ದೊಡ್ಡವರಿರಲಿ, ಅಂಕಿ ಕೊಟ್ಟ ತಕ್ಷಣ ಬರೆದುಕೊಳ್ಳಬೇಡ. ಎದ್ದು ಹೋಗಿ ಅವರ ಪಕ್ಕ ನಿಲ್ಲು. ನಿನ್ನ ಕಣ್ಣಿಂದ ನೋಡು. ಆಮೇಲೆ ಹೇಳು. ನೀನು ಕಾಣುತ್ತೆ ಅಂದರೆ ನಾನು ಬೆಲ್ಟು ಬಿಗಿದುಕೊಳ್ಳುತ್ತೇನೆ.

ಅಪ್ಪ